ನೀರಿನ ಲೆಕ್ಕ ಇಟ್ಟ ಸರ್ ಎಂ. ವಿಶ್ವೇಶ್ವರಯ್ಯನವರು



ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕೇಳದವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ. ಅವರು ಯಾರು ಅಂತ ಕೇಳಿದರೆ ಒಂದನೇ ಕ್ಲಾಸಿನ ಮಗೂನೂ ಕನ್ನಂಬಾಡಿ ಕಟ್ಟೆ ಕಟ್ಟಿದವರು ಅಂತ ಹೇಳುತ್ತೆ. ಮೈಸೂರು ಪೇಟ, ಕೋಟು, ಬೀದಿ ದೀಪದ ಬೆಳಕಿನಲ್ಲಿ ಓದಿದ್ದು, ಎರಡು ಮೇಣದ ಬತ್ತಿಯ ಕಥೆ, ಇವನ್ನೆಲ್ಲ ಪ್ರತಿ ವರ್ಷ ಭಾಷಣ ಸ್ಪರ್ಧೆಯಲ್ಲಿ ಕೇಳ್ತಾನೇ ಇದ್ದೀವಿ. ಅದನ್ನೇ ನಾನೂ ಬರೆದರೆ ನೀವು ಅರ್ಧಕ್ಕೇ ಬಿಟ್ಟು ಪಕ್ಕದ ಒಗಟು ಓದೋಕೆ ಹೋಗ್ತೀರಿ. ಆದ್ದರಿಂದ ಈ ಸಲ ಅವರ ಜೀವನದ ಒಂದೇ ಒಂದು ವಿಷಯವನ್ನು ಹಿಡಿದು ಬರೆಯುತ್ತಿದ್ದೇನೆ. ಅದೇನಪ್ಪಾ ಅಂದ್ರೆ, ನೀರು ನಾಳೆ ಏನು ಮಾಡುತ್ತದೆ ಅನ್ನೋದನ್ನು ಅವರು ಇವತ್ತೇ ಹೇಗೆ ತಿಳಿದುಕೊಳ್ಳುತ್ತಿದ್ದರು ಅನ್ನೋದು.

ನಮಗೆ ಇದು ಯಾಕೆ ಬೇಕು?

ನಮ್ಮೂರು ಅರಸೀಕೆರೆಗೂ ಹಳೇಬೀಡಿಗೂ ನಡುವೆ ಇದೆ. ಪಡುವಲಿಗೆ ಬೇಲೂರಿನ ಕಡೆ ಹೋದಂಗೆಲ್ಲ ಹಸಿರು ಜಾಸ್ತಿ, ಮೂಡಲಿಗೆ ಅರಸೀಕೆರೆ ಕಡೆ ಹೋದಂಗೆಲ್ಲ ರಾಗಿ ಹೊಲ, ತೆಂಗಿನ ತೋಟ, ಒಣ ನೆಲ. ಒಂದೇ ಹಾಸನ ಜಿಲ್ಲೆ, ಆದರೂ ಸಕಲೇಶಪುರದ ಮಳೆಗೂ ಅರಸೀಕೆರೆ ಮಳೆಗೂ ಹೋಲಿಕೆಯೇ ಇಲ್ಲ. ಅದಕ್ಕೇ ಹಿಂದಿನವರು ಈ ಸೀಮೆಯಲ್ಲಿ ಊರಿಗೊಂದು ಕೆರೆ ಕಟ್ಟಿದರು. ಅರಸೀಕೆರೆ ಅನ್ನೋ ಹೆಸರೇ ಅರಸಿಯ ಕೆರೆ ಅಂತ. ಹಳೇಬೀಡಿಗೆ ಹಿಂದೆ ದೋರಸಮುದ್ರ ಅಂತ ಹೆಸರು. ಅದೂ ಕೆರೆಯಿಂದಲೇ ಬಂದದ್ದು. ಹೊಯ್ಸಳ ರಾಜರು ರಾಜಧಾನಿ ಮಾಡಿಕೊಂಡಿದ್ದು ಇಂಥ ದೊಡ್ಡ ಕೆರೆಯ ದಡದಲ್ಲಿ.

ನಮ್ಮ ಕಡೆಯ ಕೆರೆಗಳು ಒಂದಕ್ಕೊಂದು ಹೊಂದಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಬರುತ್ತೆ. ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಕೆರೆ ಕೋಡಿ ಬಿದ್ದರೆ ಊರಿಗೇ ಹಬ್ಬ. ಹೆಂಗಸರು ಬಾಗಿನ ಬಿಡ್ತಾರೆ. ಆದರೆ ಏರಿ ಒಡೆದರೆ? ಮೇಲಿನ ಕೆರೆ ಒಡೆದರೆ ಆ ನೀರಿನ ಹೊಡೆತಕ್ಕೆ ಕೆಳಗಿನದೂ ಒಡೆಯಬಹುದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ಸಂಗತಿ. ಬೇಲೂರಿನ ಪಕ್ಕ ಹರಿಯೋ ಯಗಚಿ ಹೊಳೆ ಬಾಬಾಬುಡನ್‌ಗಿರಿ ಬೆಟ್ಟಗಳಲ್ಲಿ ಹುಟ್ಟಿ, ಗೊರೂರಿನ ಹತ್ತಿರ ಹೇಮಾವತಿಗೆ ಸೇರುತ್ತೆ. ಹೇಮಾವತಿ ಹೋಗಿ ಕಾವೇರಿಗೆ ಸೇರುತ್ತೆ. ಅಂದರೆ ಬೇಲೂರಿನಲ್ಲಿ ಬಿದ್ದ ಮಳೆ ಕೊನೆಗೆ ಮುಟ್ಟೋದು ಕನ್ನಂಬಾಡಿ ಕಟ್ಟೆಯನ್ನೇ. ಹಾಗಾಗಿ ವಿಶ್ವೇಶ್ವರಯ್ಯನವರ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ನೀರೂ ಸೇರಿದೆ.

ಬಾಲ್ಯ ಮತ್ತು ಓದು

ವಿಶ್ವೇಶ್ವರಯ್ಯನವರು 1861ನೇ ಇಸವಿ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಆ ಸೀಮೆಯೂ ನಮ್ಮದರಂತೆ ಕೆರೆ ನಂಬಿದ ಸೀಮೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದಿ, ಆಮೇಲೆ ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜು ಸೇರಿದರು. ಬೇರೆ ಮಕ್ಕಳಿಗೆ ಪಾಠ ಹೇಳಿಕೊಟ್ಟು ಅದರಿಂದ ಬಂದ ದುಡ್ಡಿನಲ್ಲಿ ತಮ್ಮ ಓದು ನಡೆಸಿದರು. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿ ವೇತನ ಸಿಕ್ಕಿ ಪುಣೆಯ ಕಾಲೇಜಿಗೆ ಹೋದರು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆದರು.

ಅಲ್ಲಿಂದ ಅವರಿಗೂ ನೀರಿಗೂ ನಂಟು ಬೆಳೆಯಿತು. ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಸಿಂಧೂ ನದಿಯ ನೀರು ಕೆಸರು ಕೆಸರು. ಕುಡಿಯೋ ಹಾಗಿರಲಿಲ್ಲ. ಅದನ್ನು ಸೋಸಲು ದೊಡ್ಡ ತೊಟ್ಟಿಗಳನ್ನು ಕಟ್ಟೋಕೆ ದುಡ್ಡಿರಲಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನೀರು ಮರಳಿನ ಒಳಗಿಂದ ಜಿನುಗಿ ಬರುವಾಗ ತಾನಾಗಿ ತಿಳಿಯಾಯ್ತು. ಹೊಳೆ ಬತ್ತಿದಾಗ ನಮ್ಮ ಹಳ್ಳಿಯ ಹೆಂಗಸರು ಮರಳಲ್ಲಿ ಒರತೆ ತೋಡಿ ನೀರು ಮೊಗೀತಾರಲ್ಲ, ಅದೇ ಉಪಾಯ, ಅಷ್ಟೇ. ಆದರೆ ಅವರು ಮಾಡಿದ್ದು ಇಡೀ ಪಟ್ಟಣಕ್ಕೆ.

ತಾನಾಗಿ ತೆಗೆಯೋ ಗೇಟು

ಪುಣೆಯ ಹತ್ತಿರ ಖಡಕ್‌ವಾಸ್ಲಾ ಅನ್ನೋ ಅಣೆಕಟ್ಟೆ ಇದೆ. ಪ್ರತಿ ಮಳೆಗಾಲದಲ್ಲೂ ಅಲ್ಲಿ ಬೇಕಾದಷ್ಟು ನೀರು ಕೋಡಿಯ ಮೇಲೆ ಹರಿದು ಹೋಗ್ತಿತ್ತು. ಬೇಸಿಗೆ ಬಂದರೆ ನೀರು ಸಾಲ್ತಿರಲಿಲ್ಲ. ಕಟ್ಟೆ ಎತ್ತರ ಮಾಡೋಣ ಅಂದರೆ ಹಳೇ ಕಲ್ಲುಕಟ್ಟಡ, ಭಾರ ತಡೆಯುತ್ತೋ ಇಲ್ಲವೋ ಅನ್ನೋ ಅಂಜಿಕೆ. 1903ರಲ್ಲಿ ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾನಾಗಿ ಕೆಲಸ ಮಾಡುವ ಗೇಟುಗಳನ್ನು ಇಡಿಸಿದರು. ನೀರು ಗೊತ್ತುಮಾಡಿದ ಮಟ್ಟಕ್ಕಿಂತ ಮೇಲೇರಿದರೆ ಗೇಟು ತಾನಾಗಿ ತೆರೆದುಕೊಳ್ಳುತ್ತೆ. ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತೆ. ಕಟ್ಟೆ ಎತ್ತರಿಸದೇನೇ ಸುಮಾರು ಎಂಟು ಅಡಿ ನೀರು ಹೆಚ್ಚಿಗೆ ನಿಲ್ಲಿಸಿದರು.

ನಾನು ಇದನ್ನು ಓದಿದಾಗ ಮೊದಲು ಗೇಟಿನ ಯಂತ್ರದ ಬಗ್ಗೆಯೇ ಯೋಚಿಸಿದೆ. ಆಮೇಲೆ ನಮ್ಮ ವಿಜ್ಞಾನದ ಮೇಷ್ಟ್ರು ಇನ್ನೊಂದು ಸಂಗತಿ ತೋರಿಸಿಕೊಟ್ಟರು. ಯಾವ ಮಟ್ಟಕ್ಕೆ ಗೇಟು ತೆಗೀಬೇಕು, ಎಷ್ಟು ಅಗಲ ತೆಗೀಬೇಕು ಅನ್ನೋದು ಮೊದಲೇ ಗೊತ್ತಿರಬೇಕು. ಅದು ಗೊತ್ತಾಗಬೇಕಾದರೆ ಆ ಹೊಳೆಗೆ ಹಿಂದೆ ಎಷ್ಟೆಷ್ಟು ಪ್ರವಾಹ ಬಂದಿತ್ತು ಅಂತ ಯಾರಾದರೂ ಅಳೆದು ಬರೆದಿಟ್ಟಿರಬೇಕು. ಅಳತೆ ಇಲ್ಲದಿದ್ದರೆ ಲೆಕ್ಕ ಇಲ್ಲ, ಲೆಕ್ಕ ಇಲ್ಲದಿದ್ದರೆ ಗೇಟು ಇಲ್ಲ.

ಹೈದರಾಬಾದಿನ ಪ್ರವಾಹ

ಈಗ ಮುಖ್ಯವಾದ ಕಥೆಗೆ ಬರ್ತೀನಿ. 1908ನೇ ಇಸವಿ ಸೆಪ್ಟೆಂಬರ್ 28. ನಮ್ಮ ಅಜ್ಜಿಯರ ಲೆಕ್ಕದಲ್ಲಿ ಹಸ್ತ ಮಳೆ. ಹೈದರಾಬಾದ್ ಪಟ್ಟಣದ ನಡುವೆ ಹರಿಯೋ ಮೂಸಿ ನದಿ ಉಕ್ಕಿ ಬಂತು. ಒಂದೇ ದಿನದಲ್ಲಿ ಸಾವಿರಾರು ಮನೆಗಳು ಕೊಚ್ಚಿಹೋದವು. ಸುಮಾರು 15,000 ಜನ ಸತ್ತರು ಅಂತ ಅಂದಾಜು. ಅಫ್ಜಲ್‌ಗಂಜಿನ ಆಸ್ಪತ್ರೆಯ ಹತ್ತಿರ ಒಂದು ದೊಡ್ಡ ಹುಣಿಸೇಮರ ಇತ್ತು. ಅದನ್ನು ಹತ್ತಿ ಸುಮಾರು ನೂರೈವತ್ತು ಜನ ಜೀವ ಉಳಿಸಿಕೊಂಡರಂತೆ.

ಆ ಹೊತ್ತಿಗೆ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ನಿಜಾಮರ ಸರ್ಕಾರ ಅವರನ್ನು ಕರೆಸಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದು ಕೆಲಸ ಶುರು ಮಾಡಿದರು. ಎಲ್ಲರ ಮನಸ್ಸಲ್ಲೂ ಇದ್ದದ್ದು ಒಂದೇ ಪ್ರಶ್ನೆ, ಇಂಥ ನೀರು ಮತ್ತೆ ಬಂದರೆ ಏನು ಗತಿ ಅಂತ. ನಾವಾಗಿದ್ದರೆ ನದಿಯ ಎರಡೂ ದಡಕ್ಕೆ ಎತ್ತರದ ಗೋಡೆ ಕಟ್ಟಿಬಿಡಿ ಅಂತಿದ್ದೆವು. ಅವರು ಮೊದಲು ಅಂಕಿ ಅಂಶ ಹುಡುಕಿದರು.

ಮೂಸಿ ನದಿಗೆ ಪಟ್ಟಣದಿಂದ ಮೇಲೆ ನೀರು ಬರೋ ಸೀಮೆ ಎಷ್ಟು ಅಂತ ನೋಡಿದರು. ಸುಮಾರು 860 ಚದರ ಮೈಲಿ. ಆ ಸೀಮೆಯಲ್ಲಿ ಕೆರೆಗಳು ಎಷ್ಟು? 780ಕ್ಕೂ ಹೆಚ್ಚು. ಹೆಚ್ಚುಕಡಿಮೆ ಮೈಲಿಗೊಂದು ಕೆರೆ, ಥೇಟ್ ನಮ್ಮ ಸೀಮೆ ಹಾಗೇ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಆ ಮಳೆಗೆ ಒಡೆದಿದ್ದವು. ಮೇಲೆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದು ಇದಕ್ಕೇ. ಒಂದು ಕೆರೆಯ ನೀರು ಇನ್ನೊಂದರ ಮೇಲೆ ಬಿದ್ದು, ಅದು ಮುಂದಿನದರ ಮೇಲೆ ಬಿದ್ದು, ಮಳೆ ನೀರಿನ ಜೊತೆಗೆ ಕೆರೆ ನೀರೂ ಸೇರಿ ಪಟ್ಟಣಕ್ಕೆ ನುಗ್ಗಿತ್ತು.

ಮಳೆ ಎಷ್ಟು ಬಿದ್ದಿತ್ತು? ಶಂಷಾಬಾದ್ ಅನ್ನೋ ಕಡೆ ಮಳೆ ಅಳೆದು ಬರೆದಿದ್ದರು. ಒಂದೇ ದಿನಕ್ಕೆ ಹನ್ನೆರಡು ಇಂಚಿಗೂ ಹೆಚ್ಚು! ಅಕ್ಕಪಕ್ಕದ ಪ್ರಾಂತ್ಯಗಳಲ್ಲಿ ಹಿಂದೆ ಬಿದ್ದ ದೊಡ್ಡ ಮಳೆಗಳ ದಾಖಲೆಗಳನ್ನೂ ಅವರು ತರಿಸಿ ನೋಡಿದರು. ಯಾಕೆ ಅಂದರೆ, ಅಲ್ಲಿ ಬಿದ್ದ ಮಳೆ ಮುಂದೊಂದು ದಿನ ಇಲ್ಲೂ ಬೀಳಬಹುದು.

ನಾವೇ ಲೆಕ್ಕ ಹಾಕೋಣ

ಮಳೆ ಇಂಚಿನಲ್ಲಿ ಹೇಳಿದರೆ ನಮಗೆ ಸಣ್ಣದು ಅನ್ನಿಸುತ್ತೆ. ಒಂದು ಇಂಚು ಮಳೆ ಅಂದರೆ ಎಷ್ಟು ನೀರು? ನಮ್ಮ ಶಾಲೆಯ ಒಂದು ಕೊಠಡಿಯ ಛಾವಣಿ 10 ಮೀಟರ್ ಉದ್ದ, 8 ಮೀಟರ್ ಅಗಲ ಅಂತ ಇಟ್ಕೊಳ್ಳಿ. ಅಂದರೆ 80 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಒಂದು ಇಂಚು ಅಂದರೆ ಸುಮಾರು 25 ಮಿಲಿಮೀಟರ್. 80ನ್ನು 25ರಿಂದ ಗುಣಿಸಿ. 2,000 ಲೀಟರ್! ಹತ್ತು ಲೀಟರಿನ ಬಿಂದಿಗೆಯಲ್ಲಿ ಇನ್ನೂರು ಬಿಂದಿಗೆ. ಒಂದು ಕೊಠಡಿಯ ಛಾವಣಿ ಮೇಲೆ ಇಷ್ಟು.

ಈಗ ಮೂಸಿಯ ಸೀಮೆಗೆ ಹೋಗೋಣ. ಒಂದು ಚದರ ಮೈಲಿ ಮೇಲೆ ಒಂದು ಇಂಚು ಮಳೆ ಅಂದರೆ ಸುಮಾರು 23 ಲಕ್ಷ ಘನ ಅಡಿ ನೀರು. 860 ಚದರ ಮೈಲಿಗೆ ಸುಮಾರು 200 ಕೋಟಿ ಘನ ಅಡಿ. ಪೇಪರಿನಲ್ಲಿ ಟಿ.ಎಂ.ಸಿ. ಅಂತ ಬರೀತಾರಲ್ಲ, ಅದರ ಪ್ರಕಾರ ಎರಡು ಟಿ.ಎಂ.ಸಿ. ಕನ್ನಂಬಾಡಿ ಕಟ್ಟೆ ತುಂಬಿದರೆ 49 ಟಿ.ಎಂ.ಸಿ. ಹಾಗಾದರೆ ಹನ್ನೆರಡು ಇಂಚು ಮಳೆ ಎಲ್ಲಾ ಕಡೆ ಬಿದ್ದು, ಎಲ್ಲಾ ನೀರೂ ಹೊಳೆಗೆ ಬಂದಿದ್ದರೆ ಅರ್ಧ ಕನ್ನಂಬಾಡಿ ಆಗ್ತಿತ್ತು.

ಆದರೆ ಇಲ್ಲೇ ಬರೋದು ತೊಡಕು. ಮಳೆ ಎಲ್ಲಾ ಕಡೆ ಒಂದೇ ಸಮ ಬೀಳಲ್ಲ. ಜಾವಗಲ್ಲಿನಲ್ಲಿ ಸುರಿದರೆ ಬಾಣಾವರದಲ್ಲಿ ಬಿಸಿಲು, ಇದು ನಮಗೇ ಗೊತ್ತು. ಬಿದ್ದ ನೀರೆಲ್ಲ ಹೊಳೆಗೂ ಬರಲ್ಲ. ನೆಲ ಒಂದಿಷ್ಟು ಕುಡಿಯುತ್ತೆ, ಕೆರೆ ಒಂದಿಷ್ಟು ಹಿಡಿಯುತ್ತೆ. ನೆಲ ಮೊದಲೇ ನೆನೆದಿದ್ದರೆ ಕಡಿಮೆ ಕುಡಿಯುತ್ತೆ. ಆದ್ದರಿಂದ ಬರೀ ಗುಣಾಕಾರ ಮಾಡಿದರೆ ತಪ್ಪು ಉತ್ತರ ಬರುತ್ತೆ. ಲೆಕ್ಕವನ್ನು ಮತ್ತೆ ಹೊಳೆಯ ಹತ್ತಿರ ಒಯ್ದು ಅಳತೆಯ ಜೊತೆ ಹೋಲಿಸಬೇಕು.

ಹೊಳೆಯನ್ನು ಅಳೆಯೋದು ಹೇಗೆ? ಪ್ರವಾಹ ಇಳಿದ ಮೇಲೆ ಗೋಡೆಗಳ ಮೇಲೆ, ಮರಗಳ ಮೇಲೆ ಕೆಸರಿನ ಗುರುತು ಉಳಿದಿರುತ್ತೆ. ಅದನ್ನು ನೋಡಿ ನೀರು ಎಷ್ಟು ಎತ್ತರ ಬಂದಿತ್ತು ಅಂತ ತಿಳೀಬಹುದು. ಹೊಳೆಯ ಅಗಲ, ಆಳ, ಇಳಿಜಾರು ಗೊತ್ತಾದರೆ ನೀರು ಎಷ್ಟು ವೇಗದಲ್ಲಿ ಹರಿಯಿತು ಅಂತ ಇಂಜಿನಿಯರುಗಳು ಸೂತ್ರ ಹಾಕಿ ಹೇಳ್ತಾರೆ. ಮೂಸಿಯಲ್ಲಿ ಆ ದಿನ ಸೆಕೆಂಡಿಗೆ ಸುಮಾರು 4,25,000 ಘನ ಅಡಿ ನೀರು ಹರಿದಿತ್ತು ಅಂತ ಅಂದಾಜಾಯಿತು. ಅಂದರೆ ಸೆಕೆಂಡಿಗೆ ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್. ಇದೇ ಭರದಲ್ಲಿ ನೀರು ಬಿಡದೆ ಹರಿದರೆ ಇಡೀ ಕನ್ನಂಬಾಡಿ ಕಟ್ಟೆ ಒಂದೂವರೆ ದಿನದೊಳಗೆ ತುಂಬಿಬಿಡುತ್ತೆ. ನಾನು ಮೂರು ಸಲ ಲೆಕ್ಕ ಹಾಕಿ ನೋಡಿದೆ. ಸುಮಾರು 32 ಗಂಟೆ ಬರುತ್ತೆ. ನೀವೂ ಹಾಕಿ ನೋಡಿ.

ಅವರು ಕೊಟ್ಟ ಪರಿಹಾರ

ಇಷ್ಟು ನೀರನ್ನು ಪಟ್ಟಣದ ಒಳಗೆ ಗೋಡೆ ಕಟ್ಟಿ ತಡೆಯೋಕೆ ಆಗಲ್ಲ ಅಂತ ಲೆಕ್ಕದಿಂದಲೇ ಗೊತ್ತಾಯಿತು. ಆದ್ದರಿಂದ ಪಟ್ಟಣಕ್ಕೆ ಬರೋ ಮೊದಲೇ, ಹತ್ತು ಮೈಲಿಯೊಳಗೆ ಮೇಲ್ಗಡೆ ಎರಡು ಜಲಾಶಯ ಕಟ್ಟಿ ಅಂತ ಅವರು ಸಲಹೆ ಕೊಟ್ಟರು. ಒಂದು ಮೂಸಿ ನದಿಗೆ, ಇನ್ನೊಂದು ಅದರ ಉಪನದಿ ಈಸಿಗೆ. ಪ್ರವಾಹ ಬಂದಾಗ ಅದನ್ನು ಅಲ್ಲಿ ತಡೆದು ನಿಲ್ಲಿಸೋದು, ಪಟ್ಟಣ ತಡೆಯುವಷ್ಟು ನೀರನ್ನು ಮಾತ್ರ ಕೆಳಗೆ ಬಿಡೋದು. ಬೇರೆ ಇಂಜಿನಿಯರುಗಳು ಮುಂದೆ ಅದನ್ನು ಕಟ್ಟಿ ಮುಗಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ತಿಯಾಯಿತು. ಪ್ರವಾಹ ತಡೆಯೋಕೆ ಅಂತ ಕಟ್ಟಿದ ಆ ಜಲಾಶಯಗಳಿಂದಲೇ ಹೈದರಾಬಾದಿಗೆ ಕುಡಿಯೋ ನೀರೂ ಸಿಕ್ಕಿತು.

ಇಲ್ಲಿ ಒಂದು ಮಾತು ಗಮನಿಸಿ. ಶಂಷಾಬಾದಿನಲ್ಲಿ ಆ ಮಳೆಯಲ್ಲೂ ಯಾರೋ ಒಬ್ಬರು ಮಳೆಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆದಿದ್ದರು. ಅವರ ಹೆಸರು ಯಾವ ಪಾಠದಲ್ಲೂ ಇಲ್ಲ. ಆದರೆ ಅವರು ಬರೆಯದೇ ಹೋಗಿದ್ದರೆ ವಿಶ್ವೇಶ್ವರಯ್ಯನವರ ಲೆಕ್ಕಕ್ಕೆ ಒಂದು ದೊಡ್ಡ ಆಧಾರವೇ ಇಲ್ಲವಾಗುತ್ತಿತ್ತು.

ಕನ್ನಂಬಾಡಿ

1909ರ ಕೊನೆಯಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಬಂದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು. ಶಿವನಸಮುದ್ರದಲ್ಲಿ 1902ರಿಂದಲೇ ಕರೆಂಟು ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕೊಡ್ತಿದ್ದರು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುತ್ತಿತ್ತು. ಮಳೆಗಾಲದ ನೀರು ಹಿಡಿದಿಟ್ಟು ವರ್ಷವಿಡೀ ಸಮನಾಗಿ ಬಿಟ್ಟರೆ ಗಣಿಗೂ ಕರೆಂಟು, ಮಂಡ್ಯದ ಒಣ ಹೊಲಗಳಿಗೂ ನೀರು. 1911ರಲ್ಲಿ ಕೆಲಸ ಶುರುವಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದರು. 1912ರಿಂದ 1918ರವರೆಗೆ ಅವರೇ ದಿವಾನರಾಗಿದ್ದರು. ಅವರು ಬಿಟ್ಟ ಮೇಲೂ ಕೆಲಸ ನಡೆದು 1931ರಲ್ಲಿ ಮುಗಿಯಿತು. ಇಲ್ಲೂ ತಾನಾಗಿ ತೆಗೆಯೋ ಗೇಟುಗಳನ್ನು ಹಾಕಿದರು.

ಇದನ್ನು ಒಬ್ಬರೇ ಕಟ್ಟಿದರು ಅಂತ ಹೇಳಿದರೆ ಸರಿಯಲ್ಲ. ಎಷ್ಟೋ ಇಂಜಿನಿಯರುಗಳು, ಸಾವಿರಾರು ಕೂಲಿಯವರು ದುಡಿದಿದ್ದಾರೆ. ಹಳೇ ಕನ್ನಂಬಾಡಿ ಮತ್ತು ಸುತ್ತಲ ಊರುಗಳು ಮುಳುಗಿ, ಅಲ್ಲಿದ್ದವರು ಮನೆ ಹೊಲ ಬಿಟ್ಟು ಹೋಗಿದ್ದಾರೆ. ನಮ್ಮ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಅಣೆಕಟ್ಟೆ ಮುಗಿದಾಗಲೂ ಹೀಗೇ ಆಯಿತು. ಇಷ್ಟು ಜನ ಇಷ್ಟೆಲ್ಲ ಕಳೆದುಕೊಂಡು ಕಟ್ಟಿದ್ದನ್ನು ಕಣ್ಣಂದಾಜಿನಲ್ಲಿ ನಡೆಸೋಕೆ ಆಗುತ್ತಾ? ಎಷ್ಟು ನೀರು ಬರ್ತಿದೆ, ನಾಳೆ ಎಷ್ಟು ಬರುತ್ತೆ, ಈಗ ಎಷ್ಟು ಬಿಡಬೇಕು ಅಂತ ದಿನಾ ಲೆಕ್ಕ ಬೇಕು. ಜಾಸ್ತಿ ಹಿಡಿದಿಟ್ಟುಕೊಂಡು ಒಮ್ಮೆಲೇ ಬಿಟ್ಟರೆ ಕೆಳಗಿನವರು ಮುಳುಗ್ತಾರೆ. ಹೆದರಿ ಮೊದಲೇ ಬಿಟ್ಟರೆ ಬೇಸಿಗೆಗೆ ನೀರಿಲ್ಲ.

ಅದೇ ಕಾಲದ ಇನ್ನೊಬ್ಬರು

ಹೊಳೆಯಂತೆ ಗಾಳಿಯೂ ಹರಿಯೋ ವಸ್ತುವೇ. ಕನ್ನಂಬಾಡಿ ಕಟ್ಟುತ್ತಿದ್ದ ಕಾಲದಲ್ಲೇ ಇಂಗ್ಲೆಂಡಿನ ರಿಚರ್ಡ್‌ಸನ್ ಎಂಬ ವಿಜ್ಞಾನಿ ಗಾಳಿಯ ಹರಿವನ್ನು ಲೆಕ್ಕದಿಂದ ಹೇಳೋಕೆ ಹೊರಟರು. ಅವರು 1881ರಲ್ಲಿ ಹುಟ್ಟಿ 1953ರಲ್ಲಿ ತೀರಿಕೊಂಡವರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಾ, ಬಿಡುವು ಸಿಕ್ಕಾಗಲೆಲ್ಲ ಲೆಕ್ಕ ಮಾಡಿದರು. 1910ರ ಮೇ 20ರಂದು ಯುರೋಪಿನಲ್ಲಿ ಅಳೆದಿದ್ದ ಅಂಕಿಗಳನ್ನು ತೆಗೆದುಕೊಂಡು, ಆರು ಗಂಟೆಯಲ್ಲಿ ಗಾಳಿಯ ಒತ್ತಡ ಎಷ್ಟು ಬದಲಾಗುತ್ತೆ ಅಂತ ಕೈಯಲ್ಲೇ ಲೆಕ್ಕ ಹಾಕಿದರು. 145 ಮಿಲಿಬಾರ್ ಏರುತ್ತೆ ಅಂತ ಬಂತು. ನಿಜವಾಗಿ ಆ ದಿನ ಒತ್ತಡ ಹೆಚ್ಚುಕಡಿಮೆ ಹಾಗೇ ಇತ್ತು! ಆದರೂ ಅವರು ಮುಚ್ಚಿಡದೆ 1922ರಲ್ಲಿ ಅದನ್ನು ಪುಸ್ತಕದಲ್ಲೇ ಅಚ್ಚು ಹಾಕಿಸಿದರು.

ಲೆಕ್ಕದ ದಾರಿ ಸರಿಯಾಗಿಯೇ ಇತ್ತು. ಶುರುವಿನಲ್ಲಿ ತೆಗೆದುಕೊಂಡ ಅಳತೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸಣ್ಣ ಸಣ್ಣ ತಪ್ಪುಗಳು ಲೆಕ್ಕದಲ್ಲಿ ಬೆಳೆದು ದೊಡ್ಡದಾದವು. ಎಷ್ಟೋ ವರ್ಷದ ಮೇಲೆ ವಿಜ್ಞಾನಿಗಳು ಅದೇ ಅಳತೆಗಳನ್ನು ಮೊದಲು ಸರಿತೂಗಿಸಿ, ಅದೇ ಲೆಕ್ಕ ಮಾಡಿದಾಗ ಸರಿಯಾದ ಉತ್ತರ ಬಂತು. 1950ರಲ್ಲಿ ಅಮೆರಿಕದಲ್ಲಿ ಮೊದಲ ಸಲ ಕಂಪ್ಯೂಟರಿನಿಂದ ಹವಾಮಾನದ ಲೆಕ್ಕ ಮಾಡಿದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವಿಮಾನ ಪ್ರಯೋಗಾಲಯದಲ್ಲೂ 1986ರಲ್ಲಿ ಇಂಥ ಹರಿವಿನ ಲೆಕ್ಕಕ್ಕೆ ಅಂತಲೇ ಫ್ಲೋಸಾಲ್ವರ್ ಅನ್ನೋ ಕಂಪ್ಯೂಟರ್ ಮಾಡಿದರು.

ಲೆಕ್ಕವೂ ಅಳತೆಯೂ ಜಗಳ ಆಡಿದರೆ?

ಈಗಿನ ವಿಜ್ಞಾನಿಗಳು ಮಾಡೋದನ್ನು ನಮ್ಮೂರ ಕೆರೆ ಇಟ್ಟುಕೊಂಡು ಹೇಳ್ತೀನಿ. ನೆನ್ನೆ ಕೆರೆಯಲ್ಲಿ ಎಂಟು ಅಡಿ ನೀರಿತ್ತು. ರಾತ್ರಿ ಮಳೆ ಬಂತು. ಮಳೆ ನೋಡಿ ಲೆಕ್ಕ ಹಾಕಿದರೆ ಬೆಳಿಗ್ಗೆ ಹತ್ತು ಅಡಿ ಇರಬೇಕು. ನೀರುಗಂಟಿ ಹೋಗಿ ತೂಬಿನ ಕಲ್ಲುಕಂಬದ ಹತ್ತಿರ ಅಳೆದರೆ ಹನ್ನೊಂದು ಅಡಿ ಅಂತಾನೆ. ಯಾವುದನ್ನು ನಂಬೋದು?

ಲೆಕ್ಕ ತಪ್ಪಿರಬಹುದು, ಯಾಕಂದ್ರೆ ಮೇಲಿನ ಊರಲ್ಲಿ ಎಷ್ಟು ಮಳೆ ಬಂತೋ ನಮಗೆ ಗೊತ್ತಿಲ್ಲ. ಅಳತೆಯೂ ತಪ್ಪಿರಬಹುದು, ಯಾಕಂದ್ರೆ ಗಾಳಿಗೆ ಅಲೆ ಏಳುತ್ತೆ. ಬುದ್ಧಿವಂತರು ಎರಡನ್ನೂ ಬಿಡಲ್ಲ. ಯಾವುದರ ಮೇಲೆ ಎಷ್ಟು ನಂಬಿಕೆ ಅಂತ ತೂಗ್ತಾರೆ. ಅಳತೆಗೆ ಮೂರು ಪಾಲು ನಂಬಿಕೆ, ಲೆಕ್ಕಕ್ಕೆ ಒಂದು ಪಾಲು ಅಂತ ಇಟ್ಟುಕೊಂಡರೆ ಹತ್ತೂ ಮುಕ್ಕಾಲು ಅಡಿ ಅಂತ ತೀರ್ಮಾನ. ನಾಳೆಯ ಲೆಕ್ಕ ಹತ್ತರಿಂದ ಶುರು ಮಾಡಲ್ಲ, ಹತ್ತೂ ಮುಕ್ಕಾಲರಿಂದ ಶುರು. ನಾಳೆ ಬೆಳಿಗ್ಗೆ ಮತ್ತೆ ಅಳೆಯೋದು, ಮತ್ತೆ ತಿದ್ದೋದು. ಹೀಗೆ ಲೆಕ್ಕ ಮುಂದೆ ನೋಡುತ್ತೆ, ಅಳತೆ ಅದನ್ನು ದಾರಿ ತಪ್ಪದಂಗೆ ಹಿಡಿಯುತ್ತೆ. ಜೋಡೆತ್ತಿನ ಹಾಗೆ, ಒಂದೇ ಕಟ್ಟಿದರೆ ಗಾಡಿ ನೆಟ್ಟಗೆ ಹೋಗಲ್ಲ. 1960ರಲ್ಲಿ ಕಾಲ್ಮನ್ ಎಂಬ ವಿಜ್ಞಾನಿ ಈ ತೂಗುವಿಕೆಗೆ ಒಂದು ಸೂತ್ರವನ್ನೇ ಕೊಟ್ಟರು. ಮಳೆ, ಚಂಡಮಾರುತ, ಪ್ರವಾಹದ ಮುನ್ಸೂಚನೆಗಳಲ್ಲೆಲ್ಲ ಈಗ ಇಂಥ ಉಪಾಯ ನಡೆಯುತ್ತೆ. ನಮ್ಮ ರಾಜ್ಯದಲ್ಲೇ ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿ ಮಳೆ ಅಳೆದು ಬೆಂಗಳೂರಿಗೆ ಕಳಿಸೋ ಮಾಪಕಗಳನ್ನು ಇಟ್ಟಿದ್ದಾರೆ.

ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಕಾಲ್ಮನ್ ಸೂತ್ರವೂ ಇರಲಿಲ್ಲ. ಆದರೆ ಅವರು ಎರಡನ್ನೂ ಕೈಬಿಡಲಿಲ್ಲ. ಮಳೆಯ ಪುಸ್ತಕ ನೋಡಿದರು, ಕೆರೆಗಳನ್ನು ಎಣಿಸಿದರು, ಕಾಗದದ ಮೇಲೆ ಲೆಕ್ಕ ಹಾಕಿದರು.

ಕೊನೆಯ ದಿನಗಳು

ಮುಂದೆ 1937ರಲ್ಲಿ ಗಾಂಧೀಜಿಯವರ ಕೋರಿಕೆಯಂತೆ ಒರಿಸ್ಸಾದ ಮಹಾನದಿ ಪ್ರವಾಹದ ಬಗ್ಗೆಯೂ ವರದಿ ಕೊಟ್ಟರು. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು. ಆ ನದಿಗೆ ಮೇಲ್ಗಡೆ ಜಲಾಶಯ ಕಟ್ಟೋ ವಿಚಾರ ಅದರಲ್ಲಿತ್ತು. ಮುಂದೆ ಹಿರಾಕುಡ್ ಅಣೆಕಟ್ಟೆ 1957ರಲ್ಲಿ ಆಯಿತು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ಸಲಹೆ ಕೊಡಲು ಹೋಗಿದ್ದರು. 1955ರಲ್ಲಿ ಭಾರತರತ್ನ ಸಿಕ್ಕಿತು. ನೂರು ವರ್ಷ ತುಂಬಿದ ಮೇಲೆ 1962ರ ಏಪ್ರಿಲ್ ತಿಂಗಳಿನಲ್ಲಿ ತೀರಿಕೊಂಡರು. ಅವರು ಹುಟ್ಟಿದ ಸೆಪ್ಟೆಂಬರ್ 15ನ್ನು ಇಂಜಿನಿಯರುಗಳ ದಿನ ಅಂತ ದೇಶವೇ ಆಚರಿಸುತ್ತೆ.

ನಾವೇನು ಮಾಡಬಹುದು?

ಗೆಳೆಯರೇ, ನಮ್ಮ ಕೆರೆ ಏರಿಯ ಮೇಲೆ ನಾವು ದಿನಾ ಓಡಾಡ್ತೀವಿ. ಅದರ ಕೆಳಗೆ ಅಚ್ಚುಕಟ್ಟಿನಲ್ಲಿ ನಮ್ಮದೇ ತೋಟ, ಗದ್ದೆ ಇವೆ. ನಮ್ಮ ತಾತ ಹಸ್ತ ಮಳೆ ಹೇಗಿತ್ತು, ಯಾವ ವರ್ಷ ಕೋಡಿ ಬಿತ್ತು ಅಂತ ನೆನಪಿನಿಂದ ಹೇಳ್ತಾರೆ. ಅವರ ನೆನಪು ದೊಡ್ಡದು, ಆದರೆ ಎಷ್ಟು ಇಂಚು ಮಳೆಗೆ ಎಷ್ಟು ಅಡಿ ನೀರು ಬಂತು ಅಂತ ಬರೆದಿಟ್ಟ ಪುಸ್ತಕ ನನಗೆ ಯಾರ ಮನೆಯಲ್ಲೂ ಸಿಗಲಿಲ್ಲ. ಪಂಚಾಯಿತಿಯ ಮಾಪಕ ಮಳೆ ಅಳೆಯುತ್ತೆ, ನಮ್ಮ ಕೆರೆಯ ನೀರು ಎಷ್ಟು ಏರಿತು ಅಂತ ಅದಕ್ಕೆ ಗೊತ್ತಾಗಲ್ಲ.

ಆದ್ದರಿಂದ ನನ್ನದೊಂದು ಸಲಹೆ. ಬಾಯಿಂದ ತಳದವರೆಗೆ ಒಂದೇ ಅಗಲ ಇರೋ ನೆಟ್ಟಗಿನ ಡಬ್ಬವೊಂದನ್ನು ಶಾಲೆಯ ಬಯಲಲ್ಲಿ, ಮರ ಮತ್ತು ಗೋಡೆಯಿಂದ ದೂರ, ಅಲುಗಾಡದ ಹಾಗೆ ಇಡೋಣ. ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ಎಷ್ಟು ಮಿಲಿಮೀಟರ್ ನೀರಿದೆ ಅಂತ ನೋಡಿ ಬರೆಯೋಣ. ಹವಾಮಾನ ಇಲಾಖೆಯವರೂ ದೇಶದಲ್ಲೆಲ್ಲ ಬೆಳಿಗ್ಗೆ ಎಂಟೂವರೆಗೇ ಮಳೆ ಅಳೆಯೋದು. ತೂಬಿನ ಕಲ್ಲಿನ ಮೇಲೆ ದೊಡ್ಡವರ ಕೈಲಿ ಅಡಿ ಅಡಿಗೆ ಬಣ್ಣದ ಗೆರೆ ಹಾಕಿಸೋಣ. ಏರಿಯ ಮೇಲಿಂದಲೇ ಓದಬಹುದು, ಯಾರೂ ನೀರಿಗೆ ಇಳಿಯೋದು ಬೇಡ. ಇಷ್ಟು ಮಳೆಗೆ ಇಷ್ಟು ನೀರು ಬರಬಹುದು ಅಂತ ಮೊದಲೇ ಲೆಕ್ಕ ಹಾಕಿ ಬರೆಯೋಣ, ಮಾರನೇ ದಿನ ಅಳತೆ ನೋಡಿ ತಿದ್ದೋಣ. ಒಂದು ವರ್ಷಕ್ಕೆ ನಮ್ಮ ಲೆಕ್ಕ ಒರಟಾಗಿರುತ್ತೆ. ಐದು ವರ್ಷ ನಮ್ಮ ತಮ್ಮ ತಂಗಿಯರು ಮುಂದುವರಿಸಿದರೆ, ಮಳೆ ಜೋರಾದ ರಾತ್ರಿ ಏರಿಯ ಹತ್ತಿರ ಯಾರು ಯಾವಾಗ ಎಚ್ಚರ ಇರಬೇಕು ಅಂತ ಊರಿಗೆ ಹೇಳೋ ಹಾಗೆ ಆಗಬಹುದು.

ಗುರುಗಳು ಒಪ್ಪಿಗೆ ಕೊಟ್ಟರೆ ಈ ಭಿತ್ತಿಪತ್ರಿಕೆಯ ಕೆಳಗೇ ಒಂದು ಹಾಳೆ ಅಂಟಿಸಿ ಅದರಲ್ಲಿ ದಿನಾ ಬರೆಯಬಹುದು. ಡಬ್ಬ ನಾನು ತರ್ತೀನಿ. ಸ್ಕೇಲು ಯಾರು ತರ್ತೀರಿ?